ಕತ್ತರಿ ತಲುಪದ ಮೂಲೆಯ ಹಣ್ಣು: ಬೆಂಗಳೂರಿನ ತೋಟಗಾರಿಕೆ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ಜುಲೈ ತಿಂಗಳ ಒಂದು ಸಂಜೆ, ನಮ್ಮ ಬಡಾವಣೆಯ ಪಾರ್ಕಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಅಂಗೈ ತುಂಬ ಕಿತ್ತಳೆ ಬಣ್ಣದ ಪುಟ್ಟ ಹಣ್ಣುಗಳನ್ನು ತಂದು ನನ್ನ ಮುಂದೆ ಹಿಡಿದು, "ಟೀಚರಜ್ಜಿ, ಇದು ತಿನ್ನೋ ಹಣ್ಣಾ?" ಎಂದು ಕೇಳಿದಳು. ಕೇಳುವ ಹೊತ್ತಿಗೆ ಎರಡನ್ನೋ ಮೂರನ್ನೋ ತಿಂದಾಗಿತ್ತು. ತುಟಿಯಂಚಿನಲ್ಲಿ ಹಳದಿ ತಿರುಳು ಅಂಟಿಕೊಂಡಿತ್ತು. ಬಾಯಿ ತೊಳೆಸಿ, ಅವಳ ತಾಯಿಯನ್ನು ಕರೆದು, ಆ ಗಿಡದ ಒಂದು ಕಡ್ಡಿಯನ್ನು ಗೊಂಚಲಿನ ಸಮೇತ ಮುರಿದು, ಹೆಸರನ್ನು ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಕಳುಹಿಸಿದೆ. ರಾತ್ರಿ ಎರಡು ಸಲ ವಾಂತಿಯಾಯಿತು, ಮಂಪರು ಬಂದಂತೆ ಮಲಗಿದ್ದಳು, ಬೆಳಿಗ್ಗೆ ಹುಷಾರಾಗಿ ಮನೆಗೆ ಬಂದಳು. ಗಿಡದ ಹೆಸರು ಗೊತ್ತಿದ್ದುದರಿಂದ ಅನುಕೂಲವಾಯಿತೆಂದು ಡಾಕ್ಟರು ಹೇಳಿದರಂತೆ. ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ ಒಬ್ಬಾಕೆ ಆ ಹೊತ್ತಿಗೆ ಆ ಬೆಂಚಿನ ಮೇಲೆ ಕುಳಿತಿದ್ದುದು ಆಕಸ್ಮಿಕ. ಆ ಪಾರ್ಕಿನಲ್ಲಿ ನಡೆದಾಡುವವರು ಉಗುಳಬಾರದು, ನಾಯಿ ತರಬಾರದು, ಹೂ ಕೀಳಬಾರದು ಎಂಬ ಮೂರು ಫಲಕಗಳಿವೆ. ಯಾವ ಗಿಡದ ಹಣ್ಣನ್ನು ಬಾಯಿಗೆ ಹಾಕಬಾರದು ಎಂಬ ಫಲಕ ಒಂದೂ ಇಲ್ಲ.

ಆ ಗಿಡ ಡುರಾಂಟ. ಬೆಂಗಳೂರಿನಲ್ಲಿ ಇದನ್ನು ನೋಡದವರಿಲ್ಲ. ರಸ್ತೆಯ ಡಿವೈಡರಿನಲ್ಲಿ, ಪಾರ್ಕಿನ ದಾರಿಯ ಎರಡೂ ಬದಿಯಲ್ಲಿ, ಕಲ್ಯಾಣಮಂಟಪದ ಮುಂದೆ, ಚೌಕವಾಗಿ ಕತ್ತರಿಸಿ ನಿಲ್ಲಿಸಿದ ಹಳದಿ ಹಸಿರಿನ ಗೋಡೆಯೆಲ್ಲ ಬಹುಪಾಲು ಇದರದೇ ಬಂಗಾರದೆಲೆಯ ತಳಿ. ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕ ಇದರ ತವರು. ಇಟಲಿಯಲ್ಲಿ 16ನೇ ಶತಮಾನದಲ್ಲಿದ್ದ ಕಾಸ್ತೋರೆ ದುರಾಂತೆ ಎಂಬ ವೈದ್ಯ, ಸಸ್ಯಜ್ಞನ ನೆನಪಿಗೆ ಈ ಹೆಸರು ಬಂದಿದೆ. ನಮ್ಮ ಪಾರ್ಕಿನ ಮಾಲಿ ಇದನ್ನು ತೀರ ಸಹಜವಾಗಿ 'ದುರಂತ' ಎಂದೇ ಕರೆಯುತ್ತಾರೆ, ನಾನು ತಿದ್ದಲು ಹೋಗಿಲ್ಲ. ಇದರ ಎಲೆಯಲ್ಲಿಯೂ ಹಣ್ಣಿನಲ್ಲಿಯೂ ವಿಷಕಾರಿ ಸಪೋನಿನ್‌ಗಳಿವೆ. ಪಿಕಳಾರ ಹಕ್ಕಿಗಳು ತಿಂದು ಅರಗಿಸಿಕೊಳ್ಳುವ ಈ ಹಣ್ಣು ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ಅಪಾಯಕಾರಿ.

ಇಷ್ಟಕ್ಕೇ ನಿಲ್ಲಿಸಿದರೆ ಈ ಪತ್ರ ಡುರಾಂಟ ಕಿತ್ತುಹಾಕಿ ಎಂಬ ದೂರಾಗಿ ಮುಗಿಯುತ್ತದೆ. ನನಗೆ ಹೇಳಬೇಕಾಗಿರುವುದು ಅದಲ್ಲ. ನಮ್ಮ ಪಾರ್ಕಿನಲ್ಲಿ ಅಂದಾಜು ಇನ್ನೂರು ಅಡಿ ಉದ್ದದ ಡುರಾಂಟ ಬೇಲಿ ಇದೆ. ಅದರಲ್ಲಿ ಒಂದು ಹಣ್ಣನ್ನೂ ನಾನು ಕಂಡಿಲ್ಲ, ಏಕೆಂದರೆ ಡುರಾಂಟ ಹೂಬಿಡುವುದು ಚಿಗುರಿನ ತುದಿಯಲ್ಲಿ, ಆ ತುದಿಯನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿ ಹಾರಿಸುತ್ತದೆ. ಹಣ್ಣು ಬಿಟ್ಟಿದ್ದುದು ಪಂಪ್‌ಹೌಸಿನ ಹಿಂದಿನ ಒಂದೇ ಒಂದು ಗಿಡದಲ್ಲಿ. ಕತ್ತರಿ ಅಲ್ಲಿಗೆ ತಲುಪುವುದಿಲ್ಲ. ಅದೇ ಪಾರ್ಕಿನಲ್ಲಿ ಹಣ್ಣು ಬಿಟ್ಟರೆ ಮಕ್ಕಳು ತಿನ್ನಬಹುದಾದ ಕೇಪಳದ ಗಿಡಗಳಿವೆ, ಹಕ್ಕಿಗಳು ಮುಗಿಬೀಳುವ ಕಾಡು ಕರಿಬೇವಿನ ಸಾಲಿದೆ. ಅವೆಲ್ಲ ಕತ್ತರಿಯ ದಾರಿಯಲ್ಲೇ ಇರುವುದರಿಂದ ವರ್ಷಪೂರ್ತಿ ಬೋಳಾಗಿರುತ್ತವೆ. ಹೀಗಾಗಿ ಒಂದು ಎಕರೆ ಸಾರ್ವಜನಿಕ ಉದ್ಯಾನದಲ್ಲಿ ಹಣ್ಣು ಕಚ್ಚಿದ ಏಕೈಕ ಪೊದೆ, ಯಾರೂ ತಿನ್ನಬಾರದ ಪೊದೆಯಾಗಿತ್ತು.

ನನ್ನ ಅರಿಕೆ ಇಷ್ಟೇ: ನಗರದ ಪಾರ್ಕುಗಳಲ್ಲಿ ಚಂದಕ್ಕೆಂದು ನೆಡುವ ಹಣ್ಣಿನ ಪೊದೆಗಳನ್ನು ಆಯ್ದು ನೆಡಿ, ನೆಟ್ಟ ಮೇಲೆ ಹಣ್ಣು ಬಿಡಲು ಬಿಡಿ.

ಮೊದಲು ಕವಳೆಯ ಮಾತು. ಕರಾವಳಿಯವರು ಕರಂಡೆ ಎನ್ನುತ್ತಾರೆ. ನಾನು ಹುಟ್ಟಿ ಬೆಳೆದ ಶಿರಸಿ ಕಡೆಯ ಬೇಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಇದು ಯಾರೂ ನೆಡದೆ ಬೆಳೆಯುವ ಗಿಡ. ಮೇ ತಿಂಗಳ ಕೊನೆಗೆ ಹಸಿರು ಕಾಯಿಯ ಒಂದು ಕೆನ್ನೆ ಗುಲಾಬಿಯಾಗಿ, ಮಳೆ ಹಿಡಿಯುವ ಹೊತ್ತಿಗೆ ಕಡುನೇರಳೆಗೆ ತಿರುಗುತ್ತದೆ. ಕಾಯಿ ಮುರಿದರೆ ಬೆರಳಿಗೆ ಮೇಣದಂಥ ಹಾಲು ಮೆತ್ತುತ್ತದೆ, ಅದು ಸೋಪಿಗೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಬೇಕು. ಕಾಯಿಗೆ ಉಪ್ಪಿನಕಾಯಿ, ಹಣ್ಣಿಗೆ ಮಕ್ಕಳ ಕಿಸೆ. ಬೆಂಗಳೂರಿಗರು ಕವಳೆ ತಿಂದೇ ಇಲ್ಲವೆಂದು ತಿಳಿಯಬೇಡಿ: ಬೇಕರಿಯ ಕೇಕಿನ ಮೇಲೆ, ಪಾನ್ ಬೀಡಾದ ನೆತ್ತಿಯಲ್ಲಿ 'ಚೆರಿ' ಎಂದು ಕೂರುವ ಆ ಕೆಂಪು ಗುಂಡು ಬಹಳ ಸಲ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕೊಟ್ಟ ಕವಳೆಕಾಯಿಯೇ. ತನ್ನ ಹೆಸರಿನಲ್ಲಿ ನಗರ ಪ್ರವೇಶ ಸಿಗದೆ ಚೆರಿಯ ಹೆಸರಿನಲ್ಲಿ ಒಳಗೆ ಬಂದಿದೆ, ಪಾಪ.

ತೋಟಗಾರಿಕೆಯ ಲೆಕ್ಕದಲ್ಲಿ ನೋಡಿದರೂ ಇದು ಗಟ್ಟಿ ಗಿಡ. ಬೇರೂರಿದ ಮೇಲೆ ಬೇಸಿಗೆಯ ನೀರನ್ನು ಹೆಚ್ಚಾಗಿ ಬೇಡುವುದಿಲ್ಲ, ಕಲ್ಲು ಮಣ್ಣಿನಲ್ಲೂ ಬದುಕುತ್ತದೆ, ಎಲೆ ವರ್ಷವಿಡೀ ಹೊಳೆಯುವ ಹಸಿರು, ಹೂವು ಬಿಳಿ ನಕ್ಷತ್ರದಂತೆ ಗೊಂಚಲಾಗಿ ಬಿಟ್ಟು ಮಲ್ಲಿಗೆಯ ದೂರದ ನೆನಪು ತರುವ ಪರಿಮಳ. ಇದರ ಚಿಕ್ಕ ಕಾಯಿಯ ಸಂಬಂಧಿಯೊಂದು ಬಯಲುಸೀಮೆಯ ಕುರುಚಲು ಕಾಡಿನ ಖಾಯಂ ನಿವಾಸಿ, ಅಂದರೆ ಈ ಕುಲಕ್ಕೆ ಬೆಂಗಳೂರಿನ ಹವೆ ಹೊಸತಲ್ಲ. ತೊಡಕು ಮುಳ್ಳಿನದು. ಕವಲೊಡೆದ, ಒಂದಂಗುಲಕ್ಕೂ ಮೀರಿದ, ಚಪ್ಪಲಿಯ ಅಟ್ಟೆಯನ್ನು ದಾಟಬಲ್ಲ ಮುಳ್ಳು ಅದು. ಮಕ್ಕಳು ಓಡಾಡುವ ಜಾಗದಲ್ಲಿ ಮುಳ್ಳಿನ ಗಿಡವೇ ಎಂದು ನಿಮ್ಮಲ್ಲಿ ಒಬ್ಬರು ಹಿಂದೊಮ್ಮೆ ನನ್ನನ್ನು ಕೇಳಿದ್ದರು, ನ್ಯಾಯವಾದ ಪ್ರಶ್ನೆ. ಆದರೆ ಇದೇ ಪಾರ್ಕುಗಳ ಸುತ್ತ ನಾವು ಭರ್ಜಿ ಮೊನೆಯ ಕಬ್ಬಿಣದ ಗ್ರಿಲ್ ಹಾಕಿಸಿ, ಅದಕ್ಕೆ ಪ್ರತಿವರ್ಷ ಬಣ್ಣ ಬಳಿಸುತ್ತೇವೆ. ಗ್ರಿಲ್‌ನಿಂದ ಒಳಕ್ಕೆ ಮೂರಡಿ ಬಿಟ್ಟು ಕವಳೆಯನ್ನು ಸಾಲಾಗಿ ಕೂರಿಸಿ, ಅದರ ಮುಂದೆ ಮುಳ್ಳಿಲ್ಲದ ಗಿಡ ನೆಟ್ಟರೆ ಬೇಲಿಯ ಕೆಲಸ ಮುಳ್ಳು ಮಾಡುತ್ತದೆ, ಕೈಗೆಟಕುವ ಕಡೆ ಹಣ್ಣು ಸಿಗುತ್ತದೆ. ನಡೆಯುವ ದಾರಿಯ ಅಂಚಿಗೆ ಇದನ್ನು ನೆಡಬಾರದು ಎನ್ನುವುದನ್ನು ನಾನೂ ಒಪ್ಪುತ್ತೇನೆ.

ಕೇಪಳದ ವಿಷಯ ಇನ್ನೂ ಸುಲಭ, ಏಕೆಂದರೆ ಅದು ಆಗಲೇ ನಿಮ್ಮ ಪಾತಿಗಳಲ್ಲಿದೆ. ನರ್ಸರಿಯವರು ಇಕ್ಸೋರಾ ಎನ್ನುವ, ಪಶ್ಚಿಮ ಘಟ್ಟದ ತಪ್ಪಲಿನವರು ಕೇಪಳ, ಕಿಸ್ಕಾರ ಎಂದೆಲ್ಲ ಕರೆಯುವ ಈ ಗಿಡದ ಕೆಂಪು ಹೂಗೊಂಚಲನ್ನು ಎಲ್ಲರೂ ಬಲ್ಲರು, ಹಣ್ಣನ್ನು ಬಲ್ಲವರು ಕಡಿಮೆ. ಬಟಾಣಿ ಗಾತ್ರದ ಆ ಹಣ್ಣು ಕೆಂಪಾಗಿ, ಮಾಗಿದಾಗ ಕಪ್ಪಿಗೆ ತಿರುಗುತ್ತದೆ. ತಿರುಳು ಸ್ವಲ್ಪವೇ ಇದ್ದರೂ ಸಿಹಿ. ಹೂವಿನ ನಳಿಗೆ ಉದ್ದವಾಗಿರುವುದರಿಂದ ಉದ್ದ ಸೊಂಡಿಲಿನ ದೊಡ್ಡ ಚಿಟ್ಟೆಗಳು ಇದನ್ನು ಹುಡುಕಿಕೊಂಡು ಬರುತ್ತವೆ. ಆದರೆ ಈಗ ಟೆಂಡರುಗಳಲ್ಲಿ ಬರುತ್ತಿರುವುದು ಬಹುಪಾಲು ಚಿಕ್ಕೆಲೆಯ ಕುಳ್ಳ ತಳಿಗಳು. ಆರು ವರ್ಷದಿಂದ ಪಾರ್ಕಿನ ಆ ಕುಳ್ಳ ಗಿಡಗಳನ್ನು ನೋಡುತ್ತಿದ್ದೇನೆ, ಒಂದು ಹಣ್ಣನ್ನೂ ಕಂಡಿಲ್ಲ. ದೇಸಿ ಕೇಪಳವೇ ಬೇಕೆಂದು ಖರೀದಿ ಆದೇಶದಲ್ಲಿ ಒಂದು ಪದ ಸೇರಿಸಿದರೆ ಸಾಕು.

ನರ್ಸರಿಯವರು ಮುರ್ರಾಯ ಎಂದು ಮಾರುವ ಕಾಡು ಕರಿಬೇವನ್ನು ಕುರಿತು ಎರಡೇ ಮಾತು. ಮಳೆ ಬಿದ್ದ ಕೆಲವು ದಿನಗಳಲ್ಲಿ ಗಿಡವಿಡೀ ಬೆಳ್ಳಗಾಗಿ ಬೀದಿ ಪೂರ್ತಿ ಘಮಘಮಿಸುವ, ಆಮೇಲೆ ಕಿತ್ತಳೆಗೆಂಪು ಹಣ್ಣು ಹೊತ್ತು ಪಿಕಳಾರ, ಕೋಗಿಲೆಗಳನ್ನು ಕರೆಯುವ ಈ ಗಿಡ ಬೆಂಗಳೂರಿನ ಪಾರ್ಕಿಗೆ ಒಪ್ಪುತ್ತದೆ. ಕರಿಬೇವಿನ ಬಳಗದ್ದಾದ್ದರಿಂದ ಕೆಲವು ಚಿಟ್ಟೆಗಳು ಇದರ ಎಲೆಯ ಮೇಲೆ ಮೊಟ್ಟೆಯಿಡುತ್ತವೆ. ಆದರೆ ನಿಂಬೆ ಕಿತ್ತಳೆಗಳಿಗೆ ಹಸಿರು ರೋಗ ಹರಡುವ ಪುಟ್ಟ ಕೀಟಕ್ಕೂ ಇದು ಆಶ್ರಯ ಕೊಡುತ್ತದೆ. ಆ ರೋಗದಿಂದ ಈಗಾಗಲೇ ಬಹಳ ಕಳೆದುಕೊಂಡಿರುವ ಕೊಡಗಿನ ಕಿತ್ತಳೆ ಸೀಮೆಯ ಊರುಗಳವರು ಬೆಂಗಳೂರನ್ನು ನೋಡಿ ಇದನ್ನು ನಕಲು ಮಾಡದಿರುವುದು ಒಳ್ಳೆಯದು.

ಹಾಗೆಂದು ಹಣ್ಣು ಬಿಡುವ ಪೊದೆಯೆಲ್ಲ ಒಳ್ಳೆಯದು ಎಂಬ ಉತ್ಸಾಹವನ್ನೂ ನಾನು ಹಂಚಿಕೊಳ್ಳಲಾರೆ. ಹಕ್ಕಿ ತಿನ್ನುವ ಹಣ್ಣೆಂದರೆ ಹಕ್ಕಿ ಬಿತ್ತುವ ಬೀಜ. ಚಂದದ ಹಣ್ಣಿನ ಪೊದೆಯೊಂದು ತೋಟದ ಗೇಟು ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಲಂಟಾನಕ್ಕಿಂತ ದೊಡ್ಡ ಪಾಠ ನಮ್ಮ ನಾಡಿನಲ್ಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಅಮೆರಿಕದ ಆ ಗಿಡ ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ನೆಲವನ್ನು ಹೇಗೆ ಮುಚ್ಚಿದೆಯೆಂಬುದನ್ನು ಸಫಾರಿಗೆ ಹೋದವರೆಲ್ಲ ನೋಡಿರುತ್ತಾರೆ. ಅದರ ಎಲೆ ಮೇಯ್ದ ದನಗಳಿಗೆ ಕಾಮಾಲೆ ಹಿಡಿಯುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಆ ಬೆಟ್ಟಗಳ ಸೋಲಿಗರು ಅದೇ ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ, ಆನೆಯ ಆಕೃತಿಗಳನ್ನು ಮಾಡಿ ಮಾರುತ್ತಾರೆ. ಅವರು ಎಷ್ಟು ಕಡಿದರೂ ಕಾಡಿನಲ್ಲಿ ಮುಗಿಯುವಷ್ಟಿಲ್ಲ. ಇಷ್ಟಾದ ಮೇಲೂ ಹಳದಿ ಹೂವಿನ ಕುಳ್ಳ ಲಂಟಾನವನ್ನು ನಮ್ಮ ಡಿವೈಡರುಗಳಲ್ಲಿ ನೆಡುತ್ತಿದ್ದೇವೆ. ಅದು ಬೀಜ ಕಟ್ಟುವುದಿಲ್ಲ ಎನ್ನುವುದು ನರ್ಸರಿಯ ಸಮರ್ಥನೆ. ಬೀಜ ಕಟ್ಟದ ತಳಿಗಳಲ್ಲೂ ಪರಾಗ ಜೀವಂತವಾಗಿರಬಹುದು, ಅದು ಕಾಡು ಲಂಟಾನದೊಂದಿಗೆ ಬೆರೆಯಬಹುದು ಎಂಬುದು ಹೊರದೇಶಗಳಲ್ಲಿ ಕಂಡುಬಂದ ಸಂಗತಿ. ಬನ್ನೇರುಘಟ್ಟದ ಕಾಡು ನಗರಕ್ಕೆ ಅಂಟಿಕೊಂಡೇ ಇದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಅಷ್ಟು ಸದ್ದು ಮಾಡದ ಗಿಡ ರಿವೈನಾ. ಹಳೆಯ ಪಾರ್ಕುಗಳಲ್ಲಿ ಮರದ ನೆರಳಿಗೆ ಮೊಣಕಾಲುದ್ದ ಬೆಳೆದು, ಮಣಿ ಪೋಣಿಸಿದಂತೆ ಕಡುಗೆಂಪು ಹಣ್ಣು ತೂಗುವ ಅದನ್ನು ನೀವೂ ಕಂಡಿರುತ್ತೀರಿ. ಅದರ ಕೆಂಬಣ್ಣವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಆಹಾರದ ಬಣ್ಣವಾಗಬಹುದೇ ಎಂದು ಪರೀಕ್ಷಿಸಿದ್ದಾರೆ. ಬಣ್ಣ ನಿಜಕ್ಕೂ ಸೊಗಸಾದದ್ದೇ. ಆದರೆ ಅದೂ ಅಮೆರಿಕದಿಂದ ಬಂದು, ಹಕ್ಕಿಗಳ ಹೊಟ್ಟೆಯಲ್ಲಿ ಪ್ರಯಾಣಿಸಿ, ಈಗ ಬೇರೇನೂ ಮೊಳೆಯದಂತೆ ನೆಲ ಹಿಡಿಯುತ್ತಿದೆ. ಅದನ್ನು ಯಾರೂ ನೆಡುತ್ತಿಲ್ಲ, ಯಾರೂ ಕೀಳುತ್ತಲೂ ಇಲ್ಲ.

ವಿದೇಶದ ಒಂದು ಘಟನೆಯನ್ನು ಮಾತ್ರ ಇಲ್ಲಿ ನೆನೆಯುತ್ತೇನೆ. ನ್ಯಾಂಡಿನಾ ಎಂಬ ಕೆಂಪು ಹಣ್ಣಿನ ಪೂರ್ವ ಏಷ್ಯಾದ ಪೊದೆಯನ್ನು ಅಮೆರಿಕದ ಮನೆಯಂಗಳಗಳಲ್ಲಿ ಹೇರಳವಾಗಿ ನೆಟ್ಟಿದ್ದಾರೆ. 2009ರ ಏಪ್ರಿಲ್‌ನಲ್ಲಿ ಜಾರ್ಜಿಯಾ ರಾಜ್ಯದ ಥಾಮಸ್ ಕೌಂಟಿಯಲ್ಲಿ ವ್ಯಾಕ್ಸ್‌ವಿಂಗ್ ಎಂಬ ವಲಸೆ ಹಕ್ಕಿಗಳು ಗುಂಪಾಗಿ ಸತ್ತುಬಿದ್ದವು, ಕುಯ್ದು ನೋಡಿದಾಗ ಗಂಟಲಿನವರೆಗೂ ನ್ಯಾಂಡಿನಾ ಹಣ್ಣು ತುಂಬಿತ್ತು. ಆ ಹಣ್ಣಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುಗಳಿವೆ, ಒಂದೆರಡು ತಿಂದರೆ ಬದುಕುವ ಹಕ್ಕಿ ಹೊಟ್ಟೆ ಬಿರಿಯುವಷ್ಟು ತಿಂದು ಸಾಯುತ್ತದೆ. ಹಕ್ಕಿಗಳಿಗೆ ತಮಗೇನು ಬೇಕೆಂದು ಗೊತ್ತಿರುತ್ತದೆ, ನೆಟ್ಟರೆ ಸಾಕು ಎನ್ನುವವರಿಗೆ ಇದನ್ನು ಹೇಳಬೇಕಾಗುತ್ತದೆ: ತಾನು ಹುಟ್ಟಿ ಬೆಳೆದ ಊರಿನ ಹಣ್ಣು ಹಕ್ಕಿಗೆ ಗೊತ್ತಿರಬಹುದು, ನರ್ಸರಿಯ ಕ್ಯಾಟಲಾಗು ಗೊತ್ತಿರುವುದಿಲ್ಲ.

ಡಿವೈಡರುಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆಯೇ. ಅಲ್ಲಿ ಹಣ್ಣಿನ ಪೊದೆ ಬೇಡ. ಪಿಕಳಾರವೂ ಬೆಳ್ಗಣ್ಣವೂ ಪೊದೆಯಿಂದ ಪೊದೆಗೆ ಹಾರುವುದು ತಗ್ಗಿನಲ್ಲಿ, ಎರಡೂ ಬದಿಗೆ ವಾಹನ ಹರಿಯುವ ಆ ನಾಲ್ಕಡಿ ಅಗಲದ ಪಾತಿಗೆ ಅವುಗಳನ್ನು ಊಟಕ್ಕೆ ಕರೆಯುವುದು ಕ್ರೌರ್ಯ. ಅಲ್ಲಿಗೆ ಕಣಗಿಲೆಯೇ ಇರಲಿ. ಅದು ಸರ್ವಾಂಗ ವಿಷವಾದರೂ ಅದರ ಕಾಯಿ ಯಾವ ಮಗುವಿನ ಕಣ್ಣನ್ನೂ ಸೆಳೆಯುವಂಥದಲ್ಲ, ದನ ಮುಟ್ಟುವುದಿಲ್ಲ, ಹೊಗೆ ಧೂಳು ತಡೆಯುತ್ತದೆ. ಡುರಾಂಟವೂ ಅಲ್ಲಿ ಕತ್ತರಿಯಡಿ ಇರುವಷ್ಟು ಕಾಲ ನಿರಪಾಯ. ನನ್ನ ತಕರಾರು ಅದನ್ನು ಪಾರ್ಕಿನ ಜಾರುಬಂಡೆಯ ಪಕ್ಕಕ್ಕೆ ತಂದದ್ದರ ಮೇಲೆ.

ಈಗ ಕತ್ತರಿಯ ವಿಷಯಕ್ಕೆ ಬರುತ್ತೇನೆ, ಇದನ್ನೇ ನೀವು ಸರಿಪಡಿಸಬೇಕಾಗಿರುವುದು. ಕಾಡು ಕರಿಬೇವಿನ ಸಾಲನ್ನು ಮೊಗ್ಗಿನ ಸಮೇತ ಸವರುತ್ತಿದ್ದ ನಮ್ಮ ಮಾಲಿಯನ್ನು, "ಒಂದು ತಿಂಗಳು ಬಿಡಬಾರದಾ?" ಎಂದು ಕೇಳಿದೆ. "ಬಿಟ್ಟರೆ ಕೆಲಸ ಮಾಡಿಲ್ಲ ಅಂತಾರಮ್ಮ, ಬಿಲ್ಲು ಆಗೋದಿಲ್ಲ" ಎಂದರು. ಗಿಡ ಚೌಕವಾಗಿ ಕಂಡರೆ ನಿರ್ವಹಣೆ ಆಗಿದೆ, ಕೊಂಬೆ ಚಾಚಿದರೆ ಆಗಿಲ್ಲ. ಪರಿಶೀಲನೆಗೆ ಬಂದವರು ಜೀಪಿನಿಂದ ಇಳಿಯದೆಯೇ ಅಳೆಯಬಹುದಾದ ಲೆಕ್ಕ ಇದು. ಮರದ ಕೊಂಬೆ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನೆಯಬೇಕಾಗುತ್ತದೆ, ಪೊದೆಗೆ ಅಂಥ ಯಾವ ರಕ್ಷಣೆಯೂ ಇಲ್ಲ. ಅದಕ್ಕೆ ಕಾಯ್ದೆ ಬೇಡ, ನಿರ್ವಹಣಾ ಗುತ್ತಿಗೆಯಲ್ಲಿ ಒಂದು ಸಾಲು ಸಾಕು. ಹಣ್ಣಿನ ಪೊದೆಗಳನ್ನು ವರ್ಷಕ್ಕೊಮ್ಮೆ, ಫಸಲು ಮುಗಿದ ಮೇಲೆ ಮಾತ್ರ ಸವರತಕ್ಕದ್ದು, ಹಾಗೆ ಬಿಟ್ಟದ್ದನ್ನು ನಿರ್ವಹಣೆ ಎಂದೇ ಪರಿಗಣಿಸತಕ್ಕದ್ದು ಎಂದು ಬರೆದರೆ ಮಾಲಿಯ ಕೂಲಿಯೂ ಉಳಿಯುತ್ತದೆ, ಗಿಡದ ಹೂವೂ ಉಳಿಯುತ್ತದೆ. 2025ರಲ್ಲಿ ನಗರದ ಆಡಳಿತ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಹಳೆಯ ಷರತ್ತುಗಳ ಮೇಲೆ ಹೊಸ ತಲೆಬರಹ ಅಂಟಿಸುವ ಮೊದಲು ಇದನ್ನು ಸೇರಿಸಲು ಇದಕ್ಕಿಂತ ಒಳ್ಳೆಯ ಸಮಯ ಬರಲಾರದು.

1908ರಲ್ಲಿ ಈ ಊರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕೃಂಬಿಗಲ್ ಅವರು ಒಂದರ ನಂತರ ಒಂದು ಜಾತಿಯ ಮರ ಹೂಬಿಡುತ್ತ ವರ್ಷವಿಡೀ ರಸ್ತೆಗಳಿಗೆ ಬಣ್ಣ ಬರುವಂತೆ ಯೋಜಿಸಿದವರೆಂದು ನೀವೇ ಭಾಷಣಗಳಲ್ಲಿ ಹೇಳುತ್ತೀರಿ. ಅದೇ ಲೆಕ್ಕವನ್ನು ಪೊದೆಗಳ ಹಣ್ಣಿಗೆ ಹಾಕಿ ನೋಡಬಹುದು: ಮುಂಗಾರಿನ ಹೊತ್ತಿಗೆ ಕವಳೆ, ಮಳೆಯ ನಂತರ ಕಾಡು ಕರಿಬೇವು, ನಡುವೆ ಬಿಟ್ಟೂ ಬಿಡದೆ ಕೇಪಳ, ಜಾಗವಿದ್ದ ಕಡೆ ಒಂದು ಎಲಚಿ. ಎಲಚಿ ಪೊದೆಯನ್ನು ಮೀರಿ ಬೆಳೆಯುವ ಗಿಡವೆಂಬುದು ನಿಜ, ಆದರೆ ಸಂಕ್ರಾಂತಿಯಲ್ಲಿ ಮಕ್ಕಳಿಗೆ ಹಣ್ಣೆರೆಯಲು ಎಲಚಿಯನ್ನು ಮಾರುಕಟ್ಟೆಯಿಂದ ಅಳೆದು ತರುವ ಊರಿನಲ್ಲಿ ಎಲಚೇನಹಳ್ಳಿ ಎಂಬ ಮೆಟ್ರೊ ನಿಲ್ದಾಣ ಇದೆಯೆಂಬುದು ನನಗೆ ಪ್ರತಿ ಜನವರಿಯಲ್ಲೂ ನೆನಪಾಗುತ್ತದೆ.

ನಿಮ್ಮ ಕಷ್ಟಗಳನ್ನು ನಾನು ಬಲ್ಲೆ. ಡುರಾಂಟವನ್ನು ಕಡ್ಡಿಯಿಂದ ಬೇಗ ಬೇರು ಬರಿಸಬಹುದು, ಸಾವಿರಗಟ್ಟಲೆ ಸಸಿ ಒಂದೇ ಎತ್ತರಕ್ಕೆ ಸಿಗುತ್ತದೆ, ಉದ್ಘಾಟನೆಯ ದಿನಕ್ಕೆ ಹಸಿರು ಸಿದ್ಧವಾಗುತ್ತದೆ. ಕವಳೆಯ ಬೀಜ ಬಹಳ ದಿನ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದಿಲ್ಲ, ಹಣ್ಣಿನಿಂದ ತೆಗೆದ ಹಾಗೆಯೇ ಬಿತ್ತಬೇಕು, ಆಮೇಲೂ ಸಸಿ ನಿಧಾನ, ಫಲಕ್ಕೆ ಎರಡು ಮೂರು ವರ್ಷ ಕಾಯಬೇಕು. ಬಿದ್ದ ಹಣ್ಣು ನೆಲಗಟ್ಟಿಗೆ ಕಲೆ ಮಾಡುತ್ತದೆ, ಗುಡಿಸದಿದ್ದರೆ ಹೆಗ್ಗಣ ಬರುತ್ತದೆ. ಇವೆಲ್ಲ ನಿಜವಾದ ಆಕ್ಷೇಪಗಳು. ಅದಕ್ಕಾಗಿಯೇ ಎಲ್ಲ ಪಾರ್ಕುಗಳಲ್ಲೂ ಒಮ್ಮೆಲೇ ಮಾಡಿ ಎಂದು ನಾನು ಕೇಳುತ್ತಿಲ್ಲ, ಪ್ರತಿ ವಾರ್ಡಿಗೆ ಒಂದು ಪಾರ್ಕು, ಅದರಲ್ಲಿ ಗೋಡೆಯ ಒಂದು ಬದಿ. ಜೊತೆಗೆ ಪ್ರತಿ ಪೊದೆಯ ಬುಡದಲ್ಲಿ ಕನ್ನಡದಲ್ಲಿ ಹೆಸರು, ಅದರ ಕೆಳಗೆ 'ತಿನ್ನಬಹುದು' ಅಥವಾ 'ವಿಷ, ತಿನ್ನಬಾರದು' ಎಂಬ ಒಂದು ಸಾಲು. ಓದಲು ಬಾರದ ಮಕ್ಕಳಿಗಾಗಿ ಹಸಿರು ಇಲ್ಲವೇ ಕೆಂಪು ಚುಕ್ಕಿ. ಜನವರಿ ಮತ್ತು ಆಗಸ್ಟ್‌ನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಹೂವಿನ ಅರಮನೆ, ಹೂವಿನ ಗೋಪುರಗಳ ನಡುವೆ ಈ ಪೊದೆಗಳಿಗೂ ಒಂದು ಮೂಲೆ ಸಿಕ್ಕರೆ ಸಂತೋಷ, ಸಿಗದಿದ್ದರೂ ಚುಕ್ಕಿಗಳು ಬೇಕು.

ಕೊನೆಯದಾಗಿ ಒಂದು ವ್ಯಾವಹಾರಿಕ ವಿಷಯ. ಕಳೆದ ವರ್ಷ ಶಿರಸಿಯಿಂದ ತಂದ ಹಣ್ಣಿನ ಬೀಜಗಳನ್ನು ಹಾಲಿನ ಖಾಲಿ ಪ್ಯಾಕೆಟ್ಟುಗಳಲ್ಲಿ ಹಾಕಿ, ನನ್ನ ತಾರಸಿಯಲ್ಲಿ ನಲವತ್ತೆರಡು ಕವಳೆ ಸಸಿಗಳನ್ನು ಎಬ್ಬಿಸಿದ್ದೇನೆ. ಅವು ಈಗ ಗೇಣುದ್ದ ಇವೆ, ಮುಳ್ಳು ಇನ್ನೂ ಮೆತ್ತಗಿದೆ. ನಮ್ಮ ಪಾರ್ಕಿನ ಪಂಪ್‌ಹೌಸಿನ ಹಿಂದಿನ ಡುರಾಂಟವನ್ನು ತೆಗೆಸಿ, ಆ ಗೋಡೆಯುದ್ದಕ್ಕೂ ಇವನ್ನು ನೆಡಲು ಅನುಮತಿ ಕೋರಿ ಎರಡು ಅರ್ಜಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಗುಂಡಿ ತೋಡುವ ಖರ್ಚು ನನ್ನದು, ಮೊದಲ ಬೇಸಿಗೆಯ ನೀರು ನಾನು ಮತ್ತು ಆ ಹುಡುಗಿಯ ಮನೆಯವರು ಹಾಕುತ್ತೇವೆ. ಜೂನ್ ಮೊದಲ ವಾರದೊಳಗೆ ತಿಳಿಸಿದರೆ ಮಳೆಗೆ ಸರಿಯಾಗುತ್ತದೆ.

ವಂದನೆಗಳೊಂದಿಗೆ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ,
ದಕ್ಷಿಣ ಬೆಂಗಳೂರಿನ ಒಂದು ಬಡಾವಣೆ